ನಾನು ಒರೆಸಿಟ್ಟ ಬೇಸ್ ಗಿಟಾರ್

ಮಗಳ ಜೊತೆ ಗಿಟಾರ್ ಕೊಳ್ಳಲು ಹೊರಟ ದಿನ, ಹೋದ ವರ್ಷದ ಬುದ್ಧ ಪೂರ್ಣಿಮೆಗೆ ಇನ್ನೂ ಹನ್ನೊಂದು ದಿನ ಇತ್ತು. ಇಷ್ಟು ಖಚಿತವಾಗಿ ಹೇಳಲು ಕಾರಣ ನಮ್ಮ ಅಡುಗೆಮನೆಯ ಕ್ಯಾಲೆಂಡರ್. ಹಾಲಿನವನು ಬರದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ನಲ್ಲಿಯಲ್ಲಿ ನೀರು ಬಂದ ಹೊತ್ತು, ಉಪ್ಪಿನಕಾಯಿ ಜಾಡಿ ತೆರೆದ ದಿನ, ಎಲ್ಲವನ್ನೂ ನಾನು ಅದರ ಚೌಕಗಳಲ್ಲಿ ಬರೆದಿಡುತ್ತೇನೆ. ಮದುವೆಯಾಗಿ ಹೊಸಪೇಟೆಗೆ ಬಂದಾಗಿನಿಂದ ಇರುವ ಅಭ್ಯಾಸ ಇದು. ಒಂದು ದಿನ ಇದೇ ನನ್ನನ್ನು ಹಿಡಿದುಕೊಡುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ನನ್ನ ಮಗಳು ಸುಜಾತಾ ರಕ್ತಪರೀಕ್ಷೆಯ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತಾಳೆ. ಅವಳೂ ಮೂವರು ಗೆಳೆಯರೂ ಸೇರಿ ಹಾಡಿನ ತಂಡ ಕಟ್ಟಿಕೊಂಡಿದ್ದರು. ಹಾಡುವವನು ಆನಂದ, ಶಾಲೆಯ ಮೇಷ್ಟ್ರು. ಸುಜಾತಾಳದು ಬೇಸ್ ಗಿಟಾರ್. ನಾಲ್ಕೇ ತಂತಿ, ಅವೂ ಬಟ್ಟೆ ಒಣಗಿಸುವ ತಂತಿಯಷ್ಟು ದಪ್ಪ. ಪೂರ್ಣಿಮೆಯ ದಿನ ಕಂಪ್ಲಿಯ ಬುದ್ಧ ವಿಹಾರದಲ್ಲಿ ಅವರ ಮೊದಲ ಕಾರ್ಯಕ್ರಮ ಎಂದು ನಿಗದಿಯಾಗಿತ್ತು. ಆದರೆ ಅವಳು ಇಷ್ಟು ದಿನ ಬಾರಿಸುತ್ತಿದ್ದ ಗಿಟಾರ್ ಗೆಳತಿಯದು. ಆ ಗೆಳತಿಗೆ ವರ್ಗವಾಗಿ, ಗಿಟಾರೂ ಅವಳ ಜೊತೆಗೆ ಹೋಯಿತು.

"ಅವ್ವಾ, ನೀನೂ ಬಾ, ಆರಿಸೋಣು" ಎಂದಳು. ಕೊಡ ಆರಿಸುವುದರಲ್ಲಿ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೆರಳು ಮಡಚಿ ಎರಡು ಸಲ ತಟ್ಟಿದರೆ ಸಾಕು, ಎಲ್ಲಿ ಬಿರುಕಿದೆ ಎಂದು ಹೇಳಿಬಿಡುತ್ತೇನೆ. ಆ ಧೈರ್ಯದಿಂದಲೇ ಅಂಗಡಿಗೆ ಹೋಗಿ ಒಂದು ಗಿಟಾರಿನ ಬೆನ್ನಿಗೆ ತಟ್ಟಿ ಕಿವಿಗೊಟ್ಟೆ. ಅಂಗಡಿಯವರು ಓಡಿ ಬಂದರು.

"ಅಕ್ಕಾರ, ಅದು ಕಲ್ಲಂಗಡಿ ಅಲ್ರಿ. ಕರೆಂಟಿಗೆ ಹಚ್ಚಿದ್ರ ಮಾತಾಡತೈತಿ."

ಕರೆಂಟಿಗೆ ಹಚ್ಚಿದರು. ಮೊದಲನೆಯದು ಸ್ಟೀಲ್ ತಟ್ಟೆ ಜಾರಿ ಬಿದ್ದ ಹಾಗೆ ಠಣ್ ಎಂದಿತು. ಎರಡನೆಯದು ಪರವಾಗಿಲ್ಲ, ಆದರೆ ಬಾರಿಸಿ ಕೈ ತೆಗೆದ ಮೇಲೂ ಗುಂಯ್ ಎನ್ನುತ್ತಲೇ ಇತ್ತು. ಮೂರನೆಯದು ನನಗೆ ಭಾರಿ ಹಿಡಿಸಿತು. ಸುಜಾತಾ ಹೆಗಲಿಗೆ ಹಾಕಿಕೊಂಡು ಐದು ನಿಮಿಷ ನಿಂತು, "ಇದನ್ನ ಹಾಕ್ಕೊಂಡು ಎರಡು ಹಾಡು ಬಾರಿಸಿದ್ರ ಮೂರನೇದಕ್ಕ ಎಲುಬಿನ ಡಾಕ್ಟ್ರು ಬೇಕು" ಎಂದು ಇಳಿಸಿಟ್ಟಳು.

"ಹಂಗಾರ ನಿನಗ ಎಂಥ ಸೌಂಡ್ ಬೇಕವ್ವಾ?" ಎಂದು ಕೇಳಿದೆ.

"ಕಿವಿಗೆ ಕೇಳಬಾರದು, ಎದಿಗೆ ತಾಗಬೇಕು. ಧುಂ ಅಂದು ಅಲ್ಲೇ ನಿಂದ್ರಬೇಕು."

ಎರಡು ದಿನದ ಮೇಲೆ ಆನಂದ ಒಂದು ಸುದ್ದಿ ತಂದ. ವಡ್ಡು ಊರಿನಲ್ಲಿ ಎರ್ರಿಸ್ವಾಮಿ ಎಂಬುವವರು ಹಳೇ ಬೇಸ್ ಗಿಟಾರ್ ಮಾರುತ್ತಾರಂತೆ. ಭಾನುವಾರ ನಾನೂ ಸುಜಾತಾಳೂ ಬಸ್ಸು ಹಿಡಿದೆವು. ಪಾಪಿನಾಯಕನಹಳ್ಳಿ ದಾಟಿದ ಮೇಲೆ ಧೂಳು ಕೆಂಪಗಾಗುತ್ತಾ ಹೋಯಿತು. ಇಳಿಯುವ ಹೊತ್ತಿಗೆ ನನ್ನ ಬಿಳಿ ಸೀರೆ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು.

ಎರ್ರಿಸ್ವಾಮಿ ಅಲ್ಲಿನ ಉಕ್ಕಿನ ಫ್ಯಾಕ್ಟರಿಯಲ್ಲಿ ಫಿಟ್ಟರ್. ಐವತ್ತರ ಆಸುಪಾಸು, ಮಿತಭಾಷಿ. "ಬರ್ರಿ, ಕುಂದ್ರಿ" ಎಂದು ಕುರ್ಚಿ ಒರೆಸಿದರು. ಒಂದು ಕಾಲದಲ್ಲಿ ಮದುವೆಗಳ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದರಂತೆ. "ಈಗ ಶಿಫ್ಟು, ನಿದ್ದಿ, ಶಿಫ್ಟು. ಬಾರಿಸೋರ ಕೈಯಾಗ ಇದ್ರ ಅದರ ಜೀವಕ್ಕೂ ಚೊಲೊ" ಎಂದು ಗಿಟಾರ್ ತಂದರು. ಅದರ ಕೆಳತುದಿಯಲ್ಲಿ, ತಂತಿಗಳು ಮುಗಿಯುವ ಕಡೆ, ಸ್ಟೀಲಿನ ಒಂದು ಮುಚ್ಚಳ ಇತ್ತು. ಉಳಿದದ್ದೆಲ್ಲ ಧೂಳು.

ಅವರು ಹಳೇ ಸ್ಪೀಕರಿಗೆ ಹಚ್ಚಿಕೊಟ್ಟರು. ಸುಜಾತಾ ಒಂದೇ ತಂತಿ ಮೀಟಿದಳು. ಧುಂ. ಅಷ್ಟೇ, ಅಲ್ಲೇ ನಿಂತಿತು. ಅವಳ ಮುಖ ನೋಡಿ ನನಗೆ ತಿಳಿಯಿತು, ಇನ್ನು ಬೇರೆ ಕಡೆ ತಿರುಗುವ ಕೆಲಸವಿಲ್ಲ ಎಂದು.

ಮರುದಿನ ಅವಳು ಲ್ಯಾಬಿಗೆ ಹೋದಳು. ಗಿಟಾರ್ ಮಂಚದ ಮೇಲೆ, ನಾನು ತೊಳೆದು ಹಾಸಿದ್ದ ಚಾದರದ ಮೇಲೆ, ಕೆಂಪಗೆ ಮಲಗಿತ್ತು. ಹೊರಗಿನಿಂದ ಏನೇ ಬರಲಿ, ತೊಳೆಯದೆ ಒಳಗೆ ಇಟ್ಟುಕೊಳ್ಳುವ ಮನೆಯಲ್ಲ ನಮ್ಮದು. ಒದ್ದೆ ಬಟ್ಟೆಯಿಂದ ಒರೆಸಿದೆ, ಒಣಬಟ್ಟೆಯಿಂದ ಮತ್ತೆ ಒರೆಸಿದೆ. ಮುಚ್ಚಳದ ಅಂಚಿನಲ್ಲಿ ಧೂಳು ಇಣುಕುತ್ತಿತ್ತು. ಮಿಕ್ಸಿಯ ತಳ ಬಿಚ್ಚುವ ಸ್ಕ್ರೂಡ್ರೈವರ್ ತಂದು ಅದನ್ನೂ ಬಿಚ್ಚಿದೆ. ಒಳಗೆ, ತಂತಿಗಳಿಗೆ ಒತ್ತಿಕೊಂಡು, ಒಂದು ಹಳೇ ಸ್ಪಂಜಿನ ತುಂಡು ಕೂತಿತ್ತು. ಎಷ್ಟು ವರ್ಷದ ಧೂಳು ಕುಡಿದಿತ್ತೋ! ಹೊಸ ಮಿಕ್ಸಿಯ ಡಬ್ಬದಲ್ಲಿ ಬರುತ್ತದಲ್ಲ, ಅಂಥ ಪ್ಯಾಕಿಂಗ್ ಇರಬೇಕು, ಪಾಪ, ಅವರು ತೆಗೆಯುವುದನ್ನೇ ಮರೆತಿದ್ದಾರೆ ಎಂದುಕೊಂಡು ಕೂದಲ ಪಿನ್ನಿನಿಂದ ಎಳೆದು ಹಾಕಿದೆ. ಅಷ್ಟರಲ್ಲಿ ಕಸದ ಗಾಡಿಯೂ ಬಂತು. ಮುಚ್ಚಳ ಫಳಫಳ ಉಜ್ಜಿ ಮೊದಲಿನಂತೆ ಕೂರಿಸಿದೆ. ಕ್ಯಾಲೆಂಡರಿನಲ್ಲಿ ಬರೆದೆ: "ನೀರು 7ಕ್ಕೆ. ಗಿಟಾರ್ ಒರೆಸಿದೆ. ಒಳಗಿನ ಸ್ಪಂಜು ಬಿಸಾಕಿದೆ."

ಸಂಜೆ ಅವಳು ಹೊಳೆಯುವ ಗಿಟಾರ್ ನೋಡಿ "ಅಯ್ಯ, ಅವ್ವಾ, ಮಸ್ತ್ ಆಗೈತಿ!" ಎಂದು ನನ್ನ ಗಲ್ಲ ಹಿಂಡಿ, ಪ್ರಾಕ್ಟೀಸಿಗೆ ಹೊತ್ತುಕೊಂಡು ಹೋದಳು. ಎರಡು ಗಂಟೆಯ ಮೇಲೆ ಅತ್ತ ಮುಖ ಹೊತ್ತು ಬಂದಳು.

ಧುಂ ಹೋಗಿ ಗುಂಯ್ಯ್ ಬಂದಿತ್ತು. ಮೀಟಿದ ಸ್ವರ ನಿಲ್ಲುತ್ತಿರಲಿಲ್ಲ, ಮುಂದಿನ ಸ್ವರದ ಮೈಮೇಲೆ ಬೀಳುತ್ತಿತ್ತು. ಇದ್ದಬದ್ದ ತಿರುಪುಗಳನ್ನೆಲ್ಲ ತಿರುಗಿಸಿ ನೋಡಿದಳು. ಒಂದು ಕಡೆ ತಿರುಗಿಸಿದರೆ ಕಂಬಳಿ ಹೊದ್ದು ಮಾತಾಡಿದಂತೆ, ಇನ್ನೊಂದು ಕಡೆಗೆ ತಗಡು ಬಡಿದಂತೆ. ಸ್ಪೀಕರ್ ಬದಲಿಸಿದರು, ವೈರ್ ಬದಲಿಸಿದರು. ಎರಡನೇ ದಿನ ಆನಂದ ಮೆತ್ತಗೆ, "ಸುಜಾತಾ, ಹಿಂಗ ಇದ್ರ ಈ ಸಲ ಬೇಸ್ ಇಲ್ಲದ ಹಾಡೋಣು. ಮುಂದಿನ ಸಲ ನೋಡಿದ್ರಾತು" ಎಂದನಂತೆ. ಆ ರಾತ್ರಿ ಅವಳು ಊಟ ಬಿಟ್ಟಳು.

ಬೆಳಗ್ಗೆ ಫೋನ್ ಹಚ್ಚಿ ಎರ್ರಿಸ್ವಾಮಿಯವರಿಗೆ, "ನೀವು ಅಲ್ಲಿ ಕೇಳಿಸಿದ್ದ ಬ್ಯಾರೆ, ಇಲ್ಲಿ ಬಂದಿದ್ದ ಬ್ಯಾರೆ. ಒಳಗಿಂದ ಏನೋ ತಗದು ಕೊಟ್ಟೀರಿ!" ಎಂದು ಜೋರು ಮಾಡಿದಳು.

ನಾನು ಒಗ್ಗರಣೆ ಹಾಕುತ್ತಿದ್ದೆ. "ಒಳಗಿಂದ ಏನೋ" ಎಂಬ ಮಾತಿಗೆ ಸಾಸಿವೆಗಿಂತ ಮೊದಲು ನನ್ನ ಎದೆ ಚಟಪಟ ಎಂದಿತು. ಆದರೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಅಂಗೈಯಗಲ ಸ್ಪಂಜಿಗೂ ಸಂಗೀತಕ್ಕೂ ಏನು ಸಂಬಂಧ? ಒಗ್ಗರಣೆಯನ್ನು ಸಾರಿಗೆ ಸುರಿದು ತಟ್ಟೆ ಮುಚ್ಚಿದೆ.

ಎರ್ರಿಸ್ವಾಮಿ ಶಿಫ್ಟ್ ಮುಗಿಸಿ, ಊಟವನ್ನೂ ಮಾಡದೆ, ಅದೇ ಕೆಂಪು ಧೂಳಿನ ಬಟ್ಟೆಯಲ್ಲಿ ಮಧ್ಯಾಹ್ನ ಬಂದರು. ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು, "ಏನಾರ ಬದಲಿ ಮಾಡಿದ್ರೇನವ್ವಾ?" ಎಂದು ಕೇಳಿದರು.

"ಇಲ್ರಿ. ಅವ್ವ ಮ್ಯಾಲಿನ ಧೂಳು ಒರಸ್ಯಾಳ, ಅಷ್ಟ. ನಮ್ಮ ಮನ್ಯಾಗ ಯಾರೂ ಏನೂ ಬಿಚ್ಚಿಲ್ಲ" ಎಂದಳು ಮಗಳು. ನಮ್ಮ ಯಜಮಾನರು ಹೌದೆಂದು ತಲೆ ಆಡಿಸಿದರು. ನಾನು ತಲೆ ಆಡಿಸಲಿಲ್ಲ, ಅಲುಗಾಡಲೂ ಇಲ್ಲ.

ಅವರು ಮುಚ್ಚಳ ಬಿಚ್ಚಿದರು. ಒಳಗೆ ತೊಳೆದ ಬಟ್ಟಲಿನ ಹಾಗೆ ಲಕಲಕ. ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ನೀರು ಕೇಳಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ನಾನು ಲೋಟ ಕೊಟ್ಟೆ. ನೀರು ಕುಡಿಯುತ್ತಾ ಅವರ ಕಣ್ಣು ಗೋಡೆಯ ಮೇಲೆ ನಿಂತಿತು. ಕ್ಯಾಲೆಂಡರಿನಲ್ಲಿ ನನ್ನ ಅಕ್ಷರ ಸಾಲದ್ದಕ್ಕೆ ದುಂಡಗೆ, ದೊಡ್ಡದು. ಓದಿದರು. ನನ್ನನ್ನು ನೋಡಿದರು. ಲೋಟ ಕೈಗಿಟ್ಟು ಹೊರಗೆ ಹೋದರು.

"ಇದರಾಗ ಒಂದು ಸ್ಪಂಜು ಇರತಿತ್ತವ್ವಾ" ಎಂದು ಅವರು ಹೇಳುವುದು ಕೇಳಿಸಿತು. "ತಂತಿ ಹೆಚ್ಚು ಹೊತ್ತು ನಡುಗದಂಗ ಹಿಡಿತೈತಿ. ಧುಂ ಅನ್ನೋದು ಅದರಿಂದ. ನಾನ ಎಲ್ಲೋ ತಗದಿಟ್ಟು ಮರತೀನಿ ಅನಸತೈತಿ. ನಂದ ತಪ್ಪು."

"ನಾ ಹೇಳಲಿಲ್ಲೇನ್ರಿ, ನೀವ ತಗದೀರಿ ಅಂತ!" ಎಂದಳು ನನ್ನ ಮಗಳು, ಗೆದ್ದವಳ ಹಾಗೆ. ಅವರು ತಲೆ ತಗ್ಗಿಸಿ ಸ್ಕ್ರೂ ಎಣಿಸುತ್ತಾ ಕೂತಿದ್ದರು.

ಅಷ್ಟು ದೂರದಿಂದ ಹಸಿದು ಬಂದ ಮನುಷ್ಯ, ಮಗಳ ಎದುರು ನನ್ನ ಮಾನ ಹೋಗಬಾರದೆಂದು ಬೈಗುಳವನ್ನು ತಮ್ಮ ತಲೆಗೆ ಕಟ್ಟಿಕೊಳ್ಳುತ್ತಿದ್ದರು. ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತುಕೊಂಡೇ ಹೊರಗೆ ಬಂದೆ.

"ಸುಜಿ, ಅವರಿಗೆ ಏನೂ ಅನಬ್ಯಾಡ. ಓದು ಇಲ್ಲಿ."

ಅವಳು ಓದಿದಳು. "ಅವ್ವಾ! ಎಲ್ಲಿ ಬಿಸಾಕಿದಿ?"

"ಕಸದ ಗಾಡಿಗೆ."

"ನನ್ನ ರೇಡಿಯೋನೂ ಹಿಂಗ ಸತ್ತಿದ್ದು" ಎಂದರು ಯಜಮಾನರು, ಹತ್ತು ವರ್ಷದಿಂದ ಕಾದಿದ್ದವರ ಹಾಗೆ. "ಅದನ್ನೂ ತೊಳೆದಿದ್ಲು. ಆ ವರ್ಷದ ಕ್ಯಾಲೆಂಡರ್ ಇದ್ರ ತೆಗಿ, ಬರದಿರತಾಳ."

ಎರ್ರಿಸ್ವಾಮಿ ಮೊದಲ ಸಲ ನಕ್ಕರು. ಸುಜಾತಾ ನಗಲಿಲ್ಲ. ಕೆಂಪಾಗಿ ನಿಂತು, "ತಪ್ಪಾತ್ರಿ, ಸರ್. ಹಂಗ ಜೋರು ಮಾಡಬಾರದಿತ್ತು" ಎಂದಳು. "ಇರಲಿ ಬಿಡವ್ವಾ. ಅಕ್ಕಾರು ಮೊದಲು ಒಂದಿಷ್ಟು ಊಟಕ್ಕ ಹಾಕಲಿ" ಎಂದರು ಅವರು.

ರೊಟ್ಟಿ, ಬದನೆಕಾಯಿ ಪಲ್ಯ ಉಂಡ ಮೇಲೆ, ಗಿಟಾರನ್ನು ಸುಜಾತಾಳ ಸ್ಪೀಕರಿಗೆ ಹಚ್ಚಿಟ್ಟು ಸ್ಪಂಜಿನ ಹುಡುಕಾಟ ಶುರುಮಾಡಿದೆವು. ಪಾತ್ರೆ ತಿಕ್ಕುವ ಹಸಿರು ಸ್ಪಂಜು ಇಟ್ಟರೆ ಬಾಗಿಲು ಬಡಿದಂತೆ ಟಕ್ ಟಕ್. ಯಜಮಾನರ ದಿಂಬಿನಿಂದ ಒಂದು ತುಂಡು ಕದ್ದು ಇಟ್ಟರೆ ಅದು ತಂತಿಗೆ ತಾಗಲೇ ಇಲ್ಲ. ಆಗ ನನ್ನ ಕಣ್ಣು ಹಿತ್ತಾಳೆ ಕೊಡದ ಮೇಲೆ ಬಿತ್ತು. ಬರೀ ಕಲ್ಲಿನ ಮೇಲೆ ಇಟ್ಟರೆ ಆ ಕೊಡ ಮುಟ್ಟಿದಾಗಲೆಲ್ಲ ಠಣ್ ಎನ್ನುತ್ತದೆ. ಅದಕ್ಕೇ ಅದರ ಕೆಳಗೆ ಹಳೇ ನೂಲಿನ ಸೀರೆಯ ಸಿಂಬಿ ಸುತ್ತಿ ಇಟ್ಟಿದ್ದೇನೆ. ಕೊಡಕ್ಕೆ ಸಿಂಬಿ ಬೇಕೆಂದು ಗೊತ್ತಿದ್ದ ನನಗೆ ತಂತಿಗೂ ಒಂದು ಬೇಕೆಂದು ಹೊಳೆಯಲಿಲ್ಲವಲ್ಲ!

ಸಿಂಬಿಯಿಂದ ಬೆರಳುದ್ದ ಕತ್ತರಿಸಿ, ಮಡಚಿ, ದಾರ ಸುತ್ತಿ ಕೊಟ್ಟೆ. ಎರ್ರಿಸ್ವಾಮಿ ಅದನ್ನು ತಂತಿಯ ಕೆಳಗೆ ಒತ್ತಿ, ಮುಚ್ಚಳ ಹಾಕಿ, "ಮೀಟವ್ವಾ" ಎಂದರು.

ಧುಂ.

ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ಪಿಸುಗುಟ್ಟಿದವು. ಸುಜಾತಾ ಇನ್ನೊಂದು ಸಲ ಮೀಟಿ, ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು.

ಪೂರ್ಣಿಮೆಯ ಸಂಜೆ ಕಂಪ್ಲಿಯಲ್ಲಿ ಅವಳು ವೇದಿಕೆಯ ಎಡಗಡೆ ನಿಂತಿದ್ದಳು. ಎರ್ರಿಸ್ವಾಮಿ ಮೊದಲ ಸಾಲಿನಲ್ಲಿ ಕೂತು ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನನ್ನ ಪಕ್ಕದಲ್ಲಿ ಪಕ್ಕದ ಮೆಟ್ರಿ ಊರಿನಿಂದ ಬಂದಿದ್ದ ಒಬ್ಬ ಹಿರಿಯ ಹೆಂಗಸು.

"ನಿಮ್ಮ ಮಗಳು ಬಾರಸೋದು ಯಾವುದ್ರಿ? ನನಗ ಅದರದೊಂದ ಕೇಳಸವಲ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಕುರ್ಚಿ ಯಾಕೋ ಅಳ್ಳಾಡತೈತಿ ನೋಡ್ರಿ" ಎಂದರು.

"ಅದ ನಮ್ಮ ಹುಡುಗಿ!" ಎಂದೆ.

ಈಗ ಆ ಗಿಟಾರಿನ ಮುಚ್ಚಳದ ಮೇಲೆ ಸುಜಾತಾ ಒಂದು ಚೀಟಿ ಅಂಟಿಸಿದ್ದಾಳೆ: "ಅವ್ವ ಬಿಚ್ಚಬಾರದು." ಎರ್ರಿಸ್ವಾಮಿ ಎರಡು ತಿಂಗಳಿಗೊಮ್ಮೆ ಬಂದು ತಂತಿ ಸರಿಮಾಡಿ ಕೊಟ್ಟು ಹೋಗುತ್ತಾರೆ. ಬಂದವರೇ ಕ್ಯಾಲೆಂಡರ್ ಎದುರು ನಿಂತು, "ಈ ವಾರ ಏನೇನು ತೊಳೆದ್ರಿ ಅಕ್ಕಾರ?" ಎಂದು ಓದುತ್ತಾರೆ. ನನಗೂ ನಗು ಬರುತ್ತದೆ. ಆದರೆ ಅವರು ಅಂದು ತಲೆ ತಗ್ಗಿಸಿ ಸ್ಕ್ರೂ ಎಣಿಸುತ್ತಾ ಕೂತದ್ದು, ನಾನು ಅಷ್ಟು ಹೊತ್ತು ಬಾಗಿಲ ಹಿಂದೆ ಸುಮ್ಮನೆ ನಿಂತದ್ದು, ಎರಡೂ ನೆನಪಾಗುತ್ತವೆ. ಅವರು ಹೋದ ಮೇಲೆ ಕುರ್ಚಿಯಲ್ಲಿ ಕೆಂಪು ಧೂಳು ಉಳಿದಿರುತ್ತದೆ. ಅದನ್ನು ಮಾತ್ರ ನಾನು ಸಂಜೆಯವರೆಗೆ ಒರೆಸುವುದಿಲ್ಲ.