ಎರಡು ಅಳತೆಯ ಬಳೆ

ಪಕ್ಕದ ಮನೆಯ ಕಾಕು ಅವರ ಎಡಗೈ ಬಳೆ ಒಂದಳತೆಯವು, ಬಲಗೈ ಬಳೆ ಇನ್ನೊಂದಳತೆಯವು. ಬಲ ಮಣಿಕಟ್ಟು ಒಳಮುಖವಾಗಿ ತಿರುಚಿಕೊಂಡು ಗಂಟುಗಟ್ಟಿತ್ತು. ಬಳೆಗಾರ ಎಷ್ಟು ಎಣ್ಣೆ ಹಚ್ಚಿ ಒತ್ತಿದರೂ ಆ ಗಂಟು ದಾಟಿ ಸರಿಯಳತೆಯ ಬಳೆ ಏರುತ್ತಿರಲಿಲ್ಲ. ಹಾಗಾಗಿ ಆ ಕೈಗೆ ದೊಡ್ಡ ಬಳೆ. ಅವು ಮೊಳಕೈಯತನಕ ಮೇಲೆ ಕೆಳಗೆ ಓಡಾಡುತ್ತ ಝಣಗುಡುತ್ತಿದ್ದವು. ಓಣಿಯ ತಿರುವಿನಲ್ಲಿ ಅವರು ಕಾಣುವ ಮೊದಲೇ ಆ ಸಪ್ಪಳ ಬಂದು ಮುಟ್ಟುತ್ತಿತ್ತು.

"ಏನಾತ್ರಿ ಕಾಕು ಈ ಕೈಗೆ?" ಎಂದು ನಾನು ಬಂದ ಹೊಸದರಲ್ಲೇ ಕೇಳಿದ್ದೆ. ಬಾಯಿ ತಡೆಯುವ ಚಾಳಿ ನನಗೆ ಮೊದಲಿಂದಲೂ ಇಲ್ಲ.

"ಲಗ್ನಾದ ಹೊಸದಾಗ ಬಾವಿ ಮೆಟ್ಟಲ ಮ್ಯಾಲೆ ಜಾರಿ ಬಿದ್ನೆವಾ. ಎಲುಬು ಕಟ್ಟಾಂವ ಸೊಟ್ಟ ಕಟ್ಟಿದ," ಎಂದು ನಕ್ಕು, ಮೆಂತ್ಯದ ಸೊಪ್ಪು ಬಿಡಿಸುವುದನ್ನು ಎಡಗೈಯಲ್ಲೇ ಮುಂದುವರಿಸಿದರು.

ನಾನು ಸವದತ್ತಿಯವಳು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಲಗ್ನವಾಗಿ ಬೈಲಹೊಂಗಲಕ್ಕೆ ಬಂದೆ. ಆಗ ದೇಶದಲ್ಲಿ ಬಾಯಿ ತೆರೆಯುವ ಹಾಗಿರಲಿಲ್ಲ ಎನ್ನುತ್ತಾರಲ್ಲ, ನನ್ನ ಮನೆಯೊಳಗೂ ಅದೇ ಹಣೆಬರಹ. ನಮ್ಮವರು ಸೊಸೈಟಿ ಆಫೀಸಿನಲ್ಲಿ ಗುಮಾಸ್ತರು. ಕುಡಿತವಿಲ್ಲ, ಇಸ್ಪೀಟಿಲ್ಲ, ಮಾತೂ ಇಲ್ಲ. ಚಹಾ ಬೇಕಾದರೆ ಕೆಮ್ಮುತ್ತಿದ್ದರು, ಸಿಟ್ಟು ಬಂದರೆ ಚಪ್ಪಲಿಯನ್ನು ಗೋಡೆಗೆ ಬಡಿಯುವಂತೆ ಬಿಡುತ್ತಿದ್ದರು. ಕೆಮ್ಮಿನಲ್ಲಿ ಎಷ್ಟು ಬಗೆ ಇವೆ ಎಂಬುದನ್ನು ನಾನು ಆ ಮನೆಯಲ್ಲಿ ಕಲಿತೆ.

ನಮ್ಮ ಅಡಿಗೆಮನೆಗೂ ಕಾಕು ಅವರ ಅಡಿಗೆಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಬೆಳಗಾದರೆ ಆಚೆಯಿಂದ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅದೆಂಥ ಸಪ್ಪಳ ಅನ್ನುತ್ತೀರಿ! ಒಂದೇ ಹದ, ಒಂದೇ ಲಯ, ನಡುವೆ ಎಲ್ಲೂ ತಡವರಿಕೆ ಇಲ್ಲ. ನನ್ನದು ಅರ್ಧಕ್ಕೇ ಹರಿದು ಮತ್ತೆ ಮುದ್ದೆಯಾಗುತ್ತಿತ್ತು. ಓಣಿಯ ಹೆಂಗಸರೆಲ್ಲ "ರೊಟ್ಟಿ ಅಂದ್ರ ಕಾಕೂಂದು" ಎನ್ನುತ್ತಿದ್ದರು. ಅಂಥ ಸೊಟ್ಟ ಕೈಯಲ್ಲಿ ಇಷ್ಟು ತೆಳ್ಳಗೆ ಹೇಗೆ ಬರುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಬಂತೆಂದರೆ ಒಲೆಯ ಮುಂದೆ ಹೆಂಗಸು ಕೂತಿದ್ದಾಳೆ, ಅದರಲ್ಲಿ ವಿಚಾರ ಮಾಡುವುದೇನಿದೆ? ನಮ್ಮವರು ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಬಾಯಿಬಿಟ್ಟಾಗ ಬಂದ ಮಾತು ಇದು: "ಗ್ವಾಡಿ ಆಚಿಕಿನ ಸಪ್ಪಳ ಕೇಳು. ಅದು ರೊಟ್ಟಿ."

ಕಾಕು ಅವರ ಗಂಡ, ನಮಗೆಲ್ಲ ಕಾಕಾ, ಅರಳೆ ಪೇಟೆಯ ಅಡತಿ ಅಂಗಡಿಯೊಂದರಲ್ಲಿ ಅರಳೆ ತೂಗುವ ಕಾಟಾ ನೋಡುತ್ತಿದ್ದರು. ಸಂಜೆ ಮೀಸೆಯಲ್ಲಿ ಅರಳೆಯ ಎಳೆ ಸಿಕ್ಕಿಸಿಕೊಂಡೇ ಬರುತ್ತಿದ್ದರು. ಕೈಕಾಲು ತೊಳೆದು ಇಬ್ಬರೂ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಗಂಡಹೆಂಡತಿ ಬೀದಿಯಲ್ಲಿ ಜೊತೆಯಾಗಿ ನಡೆಯಲೂ ನಾಚುವ ಕಾಲ ಅದು. ಇವರೋ, ಓಣಿ ಕೇಳುವ ಹಾಗೆ ಮಾತಾಡುವವರು.

"ಮುಂಜಾನೆ ನಾ ಕೇಳಿದ್ದಕ್ಕ ನೀವು ಉತ್ತರ ಕೊಡಲಿಲ್ಲ. ಯಾಕ?"

"ತಲಿ ನೋಯತಿತ್ತು."

"ಹಂಗಂತ ಬಾಯಿ ಬಿಟ್ಟ ಹೇಳ್ರಿ. ಮಾರಿ ನೋಡಿ ತಿಳಕೊಳ್ಳಾಕ ನಾ ಏನ್ ಜೋಯಿಸರ ಮನಿಯಾಕಿ ಏನು?"

"ಬಾಯಿ ಬಿಟ್ಟ ಹೇಳ್ರಿ" ಎಂಬುದು ಕಾಕು ಅವರ ಖಾಯಂ ಮಾತು. ಕಾಯಿಪಲ್ಲೆಯವಳಿಗೂ ಅದೇ, ನನಗೂ ಅದೇ. ನಾನು ಕಿಟಕಿಯ ಹಿಂದೆ ನಿಂತು ಅವರ ಮಾತು ಕೇಳುತ್ತ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದೆ. ಆ ಇಬ್ಬರ ಸಂಸಾರದ ಮೇಲೆ ನನಗೆ ಆಸೆಯಾಗಿತ್ತು. ಬೇರೆ ಯಾವ ಶಬ್ದವೂ ಅದಕ್ಕೆ ಸರಿಹೋಗುವುದಿಲ್ಲ.

ಒಂದು ಬೆಳಿಗ್ಗೆ ನನ್ನ ಹಾಲಿಗೆ ಹೆಪ್ಪು ಇರಲಿಲ್ಲ. ಬಟ್ಟಲು ಹಿಡಿದು ಕಾಕು ಅವರ ಹಿತ್ತಲ ಬಾಗಿಲು ದೂಡಿದೆ. ಶಿವನೇ! ಒಲೆಯ ಮುಂದೆ ಧೋತರ ಮೇಲೆತ್ತಿ ಕಟ್ಟಿ, ಮೊಳಕೈತನಕ ಹಿಟ್ಟು ಮಾಡಿಕೊಂಡು ಕೂತವರು ಕಾಕಾ. ಬಡಿದ ರೊಟ್ಟಿಯನ್ನು ಅಂಗೈಮೇಲೆ ಎತ್ತಿ ಹಂಚಿಗೆ ಹಾಕಿದರು, ಅರಿವೆಯಲ್ಲಿ ನೀರು ಸವರಿದರು, ತಿರುವಿದರು. ರೊಟ್ಟಿ ಉಬ್ಬಿತು. ಕಾಕು ಪಕ್ಕದಲ್ಲಿ ಮಣೆಯ ಮೇಲೆ ಕೂತು ಎಡಗೈಯಿಂದ ಒಲೆಗೆ ಹತ್ತಿಕಟ್ಟಿಗೆ ದೂಡುತ್ತಿದ್ದರು. ನನ್ನ ಕೈಯ ಬಟ್ಟಲು ಬಿದ್ದೇ ಬಿಟ್ಟಿತು.

"ಬಾಯಿ ಮುಚ್ಚವಾ, ನೊಣ ಹೋದೀತು," ಎಂದರು ಕಾಕು.

ಕಾಕಾ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾದವು. ಗಂಡಸು ರೊಟ್ಟಿ ಮಾಡುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಠದ ದಾಸೋಹದ ಮಾತು ಬೇರೆ. "ಕಾಕಾ, ನೀವು ದೇವರು!" ಎಂದೆ. ಅದಕ್ಕೆ ಅವರು ನನ್ನ ಕಡೆ ನೋಡಿದ ನೋಟ ನನಗೆ ಅರ್ಥವಾಗಲಿಲ್ಲ. ಕಾಕು, "ಓಣ್ಯಾಗ ಹೇಳಬ್ಯಾಡ," ಎಂದಷ್ಟೇ ಅಂದು ಹೆಪ್ಪು ಕೊಟ್ಟು ಕಳಿಸಿದರು. ಹೆಂಡತಿಯ ಕೈಲಾಗದೆಂದು ಗಂಡ ಒಲೆಯ ಮುಂದೆ ಕೂರುತ್ತಾನೆ! ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ. ಓಣಿಯಲ್ಲಿ ಹೇಳಲಿಲ್ಲ, ನಮ್ಮವರಿಗೂ ಹೇಳಲಿಲ್ಲ. ಹೇಳಿದರೆ ಕಾಕಾನ ಮರ್ಯಾದೆ ಹೋದೀತು ಎಂಬ ಹೆದರಿಕೆ.

ಆ ವರ್ಷ ನಾಗರ ಪಂಚಮಿ ಬಂತು. ಹೊಸ ಸೊಸೆ ಪಂಚಮಿಗೆ ತವರಿಗೆ ಹೋಗದಿದ್ದರೆ ನಮ್ಮ ಕಡೆ ಯಾರೋ ಸತ್ತ ಹಾಗೆ. ಅಣ್ಣ ಕರೆಯಲು ಬಂದ. ನಮ್ಮವರು ಕೆಮ್ಮಿದರು. ಅದು ಬೇಡ ಎನ್ನುವ ಕೆಮ್ಮು. ಯಾಕೆ ಎಂದರೆ ಉತ್ತರವಿಲ್ಲ. ಅಣ್ಣ ಮುಖ ಸಣ್ಣದು ಮಾಡಿಕೊಂಡು ಹೋದ. ನಾನೂ ಮಾತು ಬಿಟ್ಟೆ. ಮನೆಯಲ್ಲಿ ಎರಡು ಕಲ್ಲು ಇದ್ದ ಹಾಗೆ ಇದ್ದೆವು. ಒಂದು ಬೆಳಿಗ್ಗೆ ಅವರು ತಾಟಿನಲ್ಲಿ ನನ್ನ ಹರಿದ ರೊಟ್ಟಿಯನ್ನು ನೋಡಿ, ತಾಟು ದೂಡಿ, ಆಚೆ ಗೋಡೆಯ ಕಡೆ ಬೆರಳು ತೋರಿಸಿದರು. ನನಗೆ ತಡೆಯಲಾಗಲಿಲ್ಲ.

"ಆ ರೊಟ್ಟಿ ಬೇಕಾದ್ರ ಆ ಕಾಕಾನಂಥ ಗಂಡಸ ಆಗ್ರಿ!" ಎಂದೆ.

ಅವರು ಎದ್ದು ನನ್ನ ಕೈ ಹಿಡಿದು ತಿರುವಿದರು. ಬಳೆ ಒಡೆದು ಚೂರು ಮಾಂಸಕ್ಕೆ ನಟ್ಟಿತು. ನಾನು ಚೀರಿದೆ. ಗೋಡೆಯಾಚೆ ರೊಟ್ಟಿಯ ಸಪ್ಪಳ ಗಕ್ಕನೆ ನಿಂತಿತು.

ನಾನು ತವರಿಗೆ ಹೊರಡಲು ಬಟ್ಟೆಯ ಗಂಟು ಕಟ್ಟುತ್ತಿದ್ದಾಗ ಕಾಕು ಬಂದರು. ನೆಲದ ಮೇಲೆ ಬಳೆಯ ಚೂರು, ನನ್ನ ಕೈಯ ರಕ್ತ, ಬಾಗಿಲಲ್ಲಿ ಕಂಬದ ಹಾಗೆ ನಿಂತ ನಮ್ಮವರು, ಎಲ್ಲವನ್ನೂ ನೋಡಿದರು. ತಿರುಗಿ ಮನೆಗೆ ಹೋದರು. ಮತ್ತೆ ಬಂದಾಗ ಹಿಂದೆ ಕಾಕಾ ಇದ್ದರು. ಕೈ ತೊಳೆಯಲೂ ಬಿಟ್ಟಿರಲಿಲ್ಲ. ಬೆರಳತುದಿಯಿಂದ ಹಿಟ್ಟು ಉದುರುತ್ತಿತ್ತು.

ಕಾಕು ತಮ್ಮ ಬಲಗೈಯನ್ನು ಮುಂದೆ ಚಾಚಿದರು. ಬಳೆಗಳು ಝಣ್ಣೆಂದು ಮುಂದಕ್ಕೆ ಜಾರಿದವು.

"ಹೇಳ್ರಿ," ಎಂದರು ಗಂಡನಿಗೆ.

ಕಾಕಾ ಗಂಟಲು ಸರಿಮಾಡಿಕೊಂಡರು. ನಮ್ಮವರ ಮುಖ ನೋಡಿ, ಒಪ್ಪಿಸುವ ಪಾಠದ ಹಾಗೆ ನಿಧಾನವಾಗಿ ಹೇಳಿದರು.

"ತಮ್ಮಾ, ಇಕಿ ಬಾವ್ಯಾಗ ಬಿದ್ದಿಲ್ಲ. ಈ ಕೈ ನಾ ಮುರದದ್ದು. ರಾಮದುರ್ಗದಾಗ, ಲಗ್ನಾದ ವರ್ಷ. ಹಸದು ಬಂದಿದ್ದೆ, ರೊಟ್ಟಿ ಸೀದಿತ್ತು. ಕೈ ಹಿಂದಕ್ಕ ತಿರುವಿದೆ. ಲಟಕ್ ಅಂತು. ಅಂದ ಮ್ಯಾಲೂ ಬಿಡಲಿಲ್ಲ."

ಈ ಮನುಷ್ಯನನ್ನೇ ನಾನು ದೇವರು ಎಂದದ್ದು! ಇವನ ಹೆಸರನ್ನೇ ನಾನು ಈಗತಾನೆ ಗಂಡನ ಮುಖಕ್ಕೆ ಎತ್ತಿ ಹೊಡೆದದ್ದು! ಕಟ್ಟುತ್ತಿದ್ದ ಗಂಟಿನ ಮೇಲೇ ಕೂತೆ.

"ನನ್ನ ರೊಟ್ಟಿ ತೋರಿಸಿ ನಿನ್ನ ಹೆಂಡತಿನ್ನ ಹಳೀತಿ," ಎಂದರು ಕಾಕಾ. "ಗ್ವಾಡಿ ಆಚೆ ನಾ ಕೇಳೇನಿ. ಅದನ್ನ ಬಡಿಯಾಂವ ನಾನು. ಹೆಂಗ ಕಲತೆ ಅಂತ ತಿಳಕೊಂಡು ತಿನ್ನು." ಇಷ್ಟು ಹೇಳಿ ಹೆಂಡತಿಯ ಕಡೆ ನೋಡಿದರು. ಕಾಕು ತಲೆದೂಗಿದ ಮೇಲೆಯೇ ಕಾಕಾ ಹೊರಗೆ ಹೋದರು. ನಮ್ಮವರ ಮುಖದಲ್ಲಿ ರಕ್ತವಿರಲಿಲ್ಲ.

ನನಗೆ ಕಾಕು ಮೇಲೆಯೇ ಸಿಟ್ಟು ಉಕ್ಕಿ ಬಂತು. "ಹ್ಯಾಂಗ ಇದ್ರಿ ಕಾಕು ಇಂಥವರ ಕೂಡ? ಕಟ್ಟಿ ಮ್ಯಾಲೆ ಕುಂತು ನಗತೀರಲ್ಲ!"

ಅವರು ನನ್ನ ಕೈಯಿಂದ ಬಳೆಯ ಚೂರು ತೆಗೆಯುತ್ತ ಹೇಳಿದರು. ಮುರಿದ ಕೈ ಕಟ್ಟಿಕೊಂಡು ಹೂಲಿಯ ತವರಿಗೆ ಹೋಗಿದ್ದರಂತೆ. ಕಾಕಾ ಕರೆಯಲು ಬಂದಾಗ ಎರಡೇ ಷರತ್ತು ಹಾಕಿದರಂತೆ. ಇನ್ನು ಮುಂದೆ ರೊಟ್ಟಿ ನೀವೇ ಮಾಡಬೇಕು, ಸಾಯುವತನಕ. ಮತ್ತೆ, ನಾನು ಎಲ್ಲಿ ಯಾರ ಮುಂದೆ "ಹೇಳ್ರಿ" ಅಂದರೂ, ಖರೆ ಏನಾಯಿತೆಂದು ನಿಮ್ಮ ಬಾಯಿಂದಲೇ ಹೇಳಬೇಕು.

"ಹಂಗಾದ್ರ ಬಾವಿ ಕಥಿ ಯಾಕ?"

"ಮಂದಿಗೆ ಹೇಳಿದ್ರ ನಾಕ ದಿನ ಉಗಳಿ ಮರತುಬಿಡತಿದ್ರು. ಅಷ್ಟ ಸಸ್ತಾ ಬಿಡಾಕಿ ಅಲ್ಲ ನಾ. ಯಾವಾಗ ಕೇಳತೇನೋ ಅಂತ ಅವರು ದಿನಾ ಅಂಜಕೋತ ಇರಬೇಕು." ಆಮೇಲೆ ನನ್ನ ಗದ್ದ ಹಿಡಿದು ಮುಖ ಎತ್ತಿದರು. "ನೋಡವಾ, ನಾ ಇದ್ನಿ ಅಂತ ನೀ ಇರಬೇಕಂತಿಲ್ಲ. ಬಸ್ ಹತ್ತೂದಾದ್ರ ಹತ್ತು. ಆದ್ರ ಮುಗುಮ್ಮಾಗಿ ಹೋಗಬ್ಯಾಡ. ಬಾಯಿ ಬಿಟ್ಟ ಹೇಳಿ ಹೋಗು."

ಹೇಳಿದೆ. ಕೆಮ್ಮು, ಚಪ್ಪಲಿ, ಪಂಚಮಿ, ಕೈ, ಎಲ್ಲವನ್ನೂ ಹೊಸ್ತಿಲಲ್ಲಿ ನಿಂತು ಓಣಿ ಕೇಳುವ ಹಾಗೆ ಹೇಳಿ, ಯರಗಟ್ಟಿ ಮೇಲೆ ಹೋಗುವ ಬಸ್ಸು ಹತ್ತಿ ಸವದತ್ತಿಗೆ ಹೋದೆ.

ಬಹಳ ದಿನ ಬಿಟ್ಟು ನಮ್ಮವರು ಬಂದರು. ಪಡಸಾಲೆಯಲ್ಲಿ ಅಪ್ಪ, ಅಣ್ಣ, ಸೋದರಮಾವ ಎಲ್ಲ ಕೂತಿದ್ದರು. ಅಪ್ಪ ಎಂದಿನಂತೆ, "ಸಂಸಾರ ಅಂದ ಮ್ಯಾಲೆ ಒಂದ ಮಾತು ಬರತೈತಿ, ಹೋಗತೈತಿ," ಎಂದು ಶುರುಮಾಡಿದ. ನಮ್ಮವರು ಕೆಮ್ಮಲಿಲ್ಲ. "ಮಾತಲ್ರಿ ಮಾಮಾ. ನಾ ಕೈ ತಿರುವಿದೆ. ರಕ್ತ ಬಂತು," ಎಂದರು. ಪಂಚಮಿಗೆ ಯಾಕೆ ಕಳಿಸಲಿಲ್ಲ ಎಂಬುದನ್ನೂ ಅಲ್ಲೇ ಹೇಳಿದರು: ನಾನು ಹೋದರೆ ಮರಳಿ ಬರಲಿಕ್ಕಿಲ್ಲ ಎಂಬ ಅಂಜಿಕೆಯಂತೆ. ಅಯ್ಯ ನನ್ನ ಕರ್ಮವೇ, ಅದನ್ನು ಮೊದಲೇ ಅಂದಿದ್ದರೆ! ನಾನೂ ನನ್ನ ಷರತ್ತು ಹಾಕಿದೆ. ಕಾಕು ಹಾಕಿದ ಎರಡರಲ್ಲಿ ರೊಟ್ಟಿಯನ್ನು ಬಿಟ್ಟೆ, "ಹೇಳ್ರಿ" ಅಂದಾಗ ಹೇಳಬೇಕು ಎಂಬ ಎರಡನೆಯದನ್ನು ಇಟ್ಟುಕೊಂಡೆ. ಅವರು ಒಪ್ಪಿದರು. ಬಂದೆ.

ಕಾಕಾ ಆ ದಶಕ ಮುಗಿಯುವ ಮೊದಲು ಹೋದರು, ಕಾಟಾದ ಮುಂದೆಯೇ ಎದೆ ಹಿಡಿದುಕೊಂಡು. ಕಾಕು ಅವರ ಬಳೆ ತೆಗೆಯಲು ಹಿರಿಯ ಹೆಂಗಸರು ಕೂತರು. ಎಡಗೈಯವನ್ನು ಒಡೆಯಬೇಕಾಯಿತು. ಬಲಗೈಯವು ತಾವಾಗಿ ಜಾರಿ ಬಂದವು. ಅದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. ಮರುದಿನ ಬೆಳಿಗ್ಗೆ ಗೋಡೆಯಾಚೆ ಸಪ್ಪಳವಿಲ್ಲ. ಓಣಿಯವರು ರೊಟ್ಟಿಯ ಬುತ್ತಿ ತಂದರು. ಕಾಕು ಒಂದು ತುತ್ತು ಮುರಿದು ಬಾಯಿಗಿಟ್ಟು, ಎಲ್ಲರ ಮುಂದೆ, "ಅವರು ಬಡದದ್ದು ಇದಕ್ಕಿಂತ ತೆಳ್ಳಗಿರತಿತ್ತು," ಎಂದು ಗೊಳೋ ಎಂದು ಅತ್ತುಬಿಟ್ಟರು.

ಹೆಂಗಸರೆಲ್ಲ ಗರಬಡಿದವರ ಹಾಗೆ ನಿಂತರು. ಇಷ್ಟು ವರ್ಷ ರೊಟ್ಟಿ ಮಾಡಿದ್ದು ಆ ಮೀಸೆಯ ಮನುಷ್ಯನೇ? ಒಬ್ಬಾಕೆ ಕೇಳಿಯೇ ಬಿಟ್ಟಳು, "ಯಾಕ್ರಿ ಕಾಕು?"

ಕಾಕು ಕಣ್ಣೊರೆಸಿಕೊಂಡು, "ಬಾವ್ಯಾಗ ಬಿದ್ದಿದ್ನೆಲ್ಲವಾ, ಈ ಕೈಲೆ ಆಗತಿರಲಿಲ್ಲ," ಎಂದರು.

ಮಂದಿ ಹೋದಮೇಲೆ ನಾನು ತಡೆಯಲಾರದೆ ಕೇಳಿದೆ. "ಈಗರೆ ಖರೆ ಹೇಳಬಹುದಿತ್ತಲ್ಲ ಕಾಕು. ಇನ್ನ ಯಾರ ಅಂಜಿಕಿ?"

"ಅದನ್ನ ಹೇಳೂ ಕೆಲಸ ಅವರದಿತ್ತವಾ. ನಾ ಯಾಕ ಮಾಡಲಿ?"

"ಅವರ ಮ್ಯಾಲೆ ಪ್ರೀತಿ ಇತ್ತೇನ್ರಿ?"

"ಇತ್ತು. ಭಾಳ ಇತ್ತು. ಕೈನೂ ಇವತ್ತಿಗೂ ನೋಯತೈತಿ." ಬರಿದಾದ ಮಣಿಕಟ್ಟನ್ನು ಎಡಗೈಯಿಂದ ನೀವಿಕೊಂಡರು. "ಎರಡೂ ಅದಾವು. ಒಂದರಾಗ ಇನ್ನೊಂದು ವಜಾ ಆಗೂದಿಲ್ಲ."

ಕಾಕು ಕಡೆಗಾಲದಲ್ಲಿ ಹೂಲಿಗೆ ಹೋಗಿ ತಮ್ಮನ ಮನೆಯಲ್ಲಿ ತೀರಿಕೊಂಡರು. ನಾನು ಮಣ್ಣಿಗೆ ಹೋದಾಗ ಅಲ್ಲಿಯೂ ಯಾರೋ ಆ ಕೈ ತೋರಿಸಿ ಬಾವಿಯ ಕಥೆ ಹೇಳುತ್ತಿದ್ದರು. ನಾನು ತುಟಿ ಬಿಚ್ಚಲಿಲ್ಲ. ಇಂದು ಬರೆಯುತ್ತಿದ್ದೇನೆ, ಅವರ ಹೆಸರು ಬರೆಯುತ್ತಿಲ್ಲ.

ಸವದತ್ತಿಯ ಆ ಪಡಸಾಲೆಯ ನಂತರ ನಮ್ಮವರು ಎಂದೂ ನನ್ನ ಮೇಲೆ ಕೈ ಮಾಡಲಿಲ್ಲ, ನಾನೂ ಎಂದೂ "ಹೇಳ್ರಿ" ಎನ್ನಲಿಲ್ಲ. ನಮ್ಮಿಬ್ಬರ ತಲೆ ಬೆಳ್ಳಗಾಯಿತು. ಮಗಳಿಗೆ ಕಿತ್ತೂರಿನ ಹುಡುಗ ಗೊತ್ತಾದ. ಒಳ್ಳೆಯ ಹುಡುಗ, ಮಾತು ಕಡಿಮೆ. ನಿಶ್ಚಯದ ದಿನ ಚಹಾ ಕೊಡುವಾಗ ಮಗಳು ಅವನನ್ನು ಏನೋ ಕೇಳಿದಳು. ಅವನು ಉತ್ತರ ಕೊಡದೆ ಕೆಮ್ಮಿದ.

ಪಡಸಾಲೆಯ ತುಂಬ ಬೀಗರು ಕೂತಿದ್ದರು. ನಾನು ನಮ್ಮವರ ಎದುರಿಗೆ ಹೋಗಿ ನಿಂತು, ಬಲಗೈ ಮುಂದೆ ಚಾಚಿದೆ.

"ಹೇಳ್ರಿ," ಎಂದೆ.

ಅವರು ನನ್ನ ಮುಖ ನೋಡಿದರು. ಚಹಾದ ಬಸಿ ಕೆಳಗಿಟ್ಟು, ಅಳಿಯನಾಗುವವನ ಕಡೆ ತಿರುಗಿ ಶುರುಮಾಡಿದರು.