ಡಬ್ಬಿಯೊಳಗಿನ ಬಿಳಿ ಬಟ್ಟೆ

ಸೋಮವಾರ ಬೆಳಿಗ್ಗೆ ಕಂಪ್ರೆಸರ್ ಹೊತ್ತೊಯ್ಯಲು ಅದನ್ನು ಕೊಂಡವರು ಬರುತ್ತಾರೆ. ಇವತ್ತು ಶನಿವಾರ. ಮಗುವಿನ ಹಲ್ಲು, ಲಸಿಕೆ, ಕೆಮ್ಮು ಎಂದು ಸದಾ ಏನಾದರೊಂದು ತಲೆಗೆ ಹಚ್ಚಿಕೊಂಡು ಕೊರಗುವ ನನಗೆ ಈ ವಾರವೆಲ್ಲ ಇದೊಂದೇ ಚಿಂತೆ. ಕೊಡವಿದರೂ ಹೋಗುತ್ತಿಲ್ಲ.

ಬಣ್ಣದ ಸ್ಪ್ರೇ ಗನ್ನಿಗೆ ಗಾಳಿ ಒತ್ತುವ ಈ ಕಂಪ್ರೆಸರ್ ನನ್ನ ಗಂಡನ ಚಿಕ್ಕಪ್ಪನದು. ಅವರಿರುವುದು ಎರಡು ಬೀದಿ ಆಚೆ, ಒಂಟಿ ಕೋಣೆಯಲ್ಲಿ. ಬಣ್ಣ ಹೊಡೆಯುವುದು ನಮ್ಮ ಮನೆಯ ಕೆಳಗಿನ ಶೆಡ್ಡಿನಲ್ಲಿ. ಮನೆಮಂದಿಗೆಲ್ಲ ಅವರು ‘ಕನ್ನಡಿ ಮಾವ’. ಬಸ್ಸಿನ ಬಾಡಿಯಿಂದ ಶುರುಮಾಡಿ ಫ್ರಿಜ್ಜು, ಕಾರು ಎಂದು ನಲವತ್ತು ವರ್ಷ ಸ್ಪ್ರೇ ಗನ್ ಹಿಡಿದವರು. ಅವರು ಮುಗಿಸಿಕೊಟ್ಟ ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದಿತ್ತಂತೆ. ಅರವತ್ತು ದಾಟಿದ ಮೇಲೆ ಅವರ ಕೈಗೆ ಬಂದದ್ದು ರೈಫಲ್ ಸ್ಟಾಕು. ಗುರಿ ಹೊಡೆಯುವ ಸ್ಪರ್ಧೆಯವರು ಭುಜಕ್ಕೊತ್ತಿ, ಕೆನ್ನೆ ಆನಿಸುವ ಭಾಗ ಅದು. ಮೊದಲು ಮರದ್ದು ಇರುತ್ತಿತ್ತು, ಈಗ ಕಾರ್ಬನ್ ಫೈಬರಿನದು. ಮಾವನೋ, ಪಟಾಕಿ ಸದ್ದಿಗೇ ಬೆಚ್ಚುವ ಆಸಾಮಿ. “ನನ್ನ ಹತ್ರ ಬರೋದು ಹಲ್ಲು ಕಿತ್ತ ಹುಲಿ ಕಣಮ್ಮ, ಹೆದ್ರಬೇಡ” ಎನ್ನುತ್ತಿದ್ದರು.

ಹೋದ ತಿಂಗಳು ಗುರಿ ಸ್ಪರ್ಧೆಗೆ ಹೋಗುವ ಒಬ್ಬರು ಪಿ.ಟಿ. ಟೀಚರ್ ನಳಿಕೆ ಬಿಚ್ಚಿದ ಬರಿಯ ಸ್ಟಾಕು ತಂದು ಬೆಂಚಿನ ಮೇಲಿಟ್ಟರು. “ಅಂಕಲ್, ಫಳಫಳ ಹೊಳೀಬೇಕು.”

“ಬಿಸಿಲಲ್ಲಿ ಆ ಹೊಳಪು ನಿಮ್ ಕಣ್ಣಿಗೇ ಚುಚ್ಚುತ್ತೆ ಟೀಚರಮ್ಮ. ಗುರಿ ನೋಡ್ತೀರೋ, ಮೂತಿ ನೋಡ್ಕೋತೀರೋ?”

“ಹಾಗಾದ್ರೆ ಏನೂ ಹಚ್ಚೋದೇ ಬೇಡ, ಬಿಡಿ.”

ಮಾವ ತಾರಸಿಯಿಂದ ಮೂರು ತುಂಡು ತಂದಿಟ್ಟರು. ವರ್ಷಗಟ್ಟಲೆ ಬಿಸಿಲಿಗೆ ಬಿಟ್ಟ ಕಾರ್ಬನ್ ಫೈಬರ್ ತುಂಡುಗಳು. ಏನೂ ಹಚ್ಚದ ತುಂಡು ಹಳದಿಗಟ್ಟಿ, ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತಿತ್ತು. “ನೂಲಿಗೇನೂ ಆಗಲ್ಲ. ಅದನ್ನ ಹಿಡ್ಕೊಂಡಿರೋ ಅಂಟಿಗೆ ಬಿಸಿಲು ಅಂದ್ರೆ ಆಗಲ್ಲ. ಎಣ್ಣೆ ಹಚ್ಚೋಣ ಅಂದ್ರೆ ಮರದ ಹಾಗೆ ಕುಡಿಯೋ ಜಾತಿಯೂ ಅಲ್ಲ ಇದು.”

ಮಗುವನ್ನು ಸೊಂಟಕ್ಕೇರಿಸಿ ಬಾಗಿಲಲ್ಲಿ ನಿಂತಿದ್ದ ನಾನು ಮೂಗು ತೂರಿಸಿದೆ. “ನೀರಲ್ಲಿ ಕಲಸೋ ಕೋಟೇ ಹೊಡೀಬಹುದಲ್ಲ ಮಾವ? ವಾಸನೆ ಇರಲ್ಲ.”

ಅವರು ಎರಡನೇ ತುಂಡು ಎತ್ತಿದರು. “ಇದೇ ಅದು. ದಿನಾ ಕೆನ್ನೆ ಬೆವರು ಒರೆಸಿ ನೋಡ್ದೆ, ಮೆತ್ತಗಾಯ್ತು.” ಮೂರನೆಯದಕ್ಕೆ ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿದ, ಬಣ್ಣವಿಲ್ಲದ ಕ್ಲಿಯರ್ ಕೋಟು, ಹೊಳಪಿಲ್ಲದ ಮ್ಯಾಟು. ಅದು ಇಟ್ಟ ಹಾಗೇ ಇತ್ತು. ನಲವತ್ತು ವರ್ಷ ಹೊಳಪು ಬರಿಸಿದ ಕೈ ಈಗ ಹೊಳಪು ಬಾರದಂತೆ ಹೊಡೆಯುವುದನ್ನು ಕಲಿತಿತ್ತು. ಟೀಚರ್ ಅದನ್ನೇ ಒಪ್ಪಿಕೊಂಡರು. ನನ್ನ ಮುಖ ಸಣ್ಣಗಾಯಿತು. ಹಾರ್ಡ್ನರ್ ವಾಸನೆ ಎಳೆ ಮಗುವಿನ ಎದೆಗೆ ಒಳ್ಳೆಯದಲ್ಲ ಎಂದು ಎಲ್ಲೋ ಓದಿ ನಿದ್ದೆ ಕೆಡಿಸಿಕೊಂಡಿದ್ದೆ. ಮಾವ ಅದನ್ನು ನೋಡಿಯೇ ಹೇಳಿದರು. “ನೀನು ಮಗೂನ ಪಾರ್ಕಿಗೆ ಕರ್ಕೊಂಡು ಹೋದ ಮೇಲೇ ಸ್ಪ್ರೇ ಗನ್ ಹಿಡೀತೀನಿ. ಆಯ್ತಾ?”

ಕೊಟ್ಟ ಮಾತಿಗೆ ತಪ್ಪಲಿಲ್ಲ. ತಪ್ಪಿದವಳು ನಾನು.

ಅಂದು ಬೆಳಿಗ್ಗೆ ಮಗುವಿಗೆ ಸ್ನಾನವಾಗಿ, ಲೋಷನ್ ಬಳಿದು, ಪಾರ್ಕಿಗೆ ಹೊರಟೆವೆಂದು ಹೇಳಲು ಶೆಡ್ಡಿಗೆ ಇಳಿದೆ. ಮಾವ ಧೂಳೇಳದಂತೆ ಹಿಂದುಗಡೆ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಬೆಂಚಿನ ಮೇಲೆ ಒಂದು ಡಬ್ಬಿ, ಮುಚ್ಚಳ ತೆರೆದಿತ್ತು. ಮುಚ್ಚಳದ ಮೇಲೆ ಅವರದೇ ಕೈಬರಹದಲ್ಲಿ ‘ಮುಟ್ಟಬೇಡಿ’. ಒಳಗೆ ಕೋಟು ಹೊಡೆಯುವ ಮೊದಲು ಸ್ಟಾಕು ಒರೆಸುವ ಮೆತ್ತನೆಯ ಬಿಳಿ ಬಟ್ಟೆಗಳು. ನನ್ನ ಕೈ ಜಿಡ್ಡುಜಿಡ್ಡು. ಮೇಲಿನದನ್ನು ತೆಗೆದು ಒರೆಸಿಕೊಂಡೆ. ಅಷ್ಟಕ್ಕೇ ನಿಲ್ಲಿಸದೆ ನೀಟಾಗಿ ಮಡಿಸಿ ಮತ್ತೆ ಒಳಗಿಟ್ಟೆ. ಅಚ್ಚುಕಟ್ಟು ನೋಡಿ, ನನ್ನದು!

ಪಾರ್ಕಿನಿಂದ ತಿರುಗಿ ಬಂದಾಗ ಮಾವ ಸ್ಟಾಕಿನ ಮುಂದೆ ಕಲ್ಲಾಗಿ ನಿಂತಿದ್ದರು. ಎಣ್ಣೆ ಬಳಿದ ತಟ್ಟೆಯ ಮೇಲೆ ನೀರು ನಿಲ್ಲದೆ ಸರಿಯುತ್ತದಲ್ಲ, ಹಾಗೆ ಕೋಟು ಅಲ್ಲಲ್ಲಿ ಸರಿದು ಸಣ್ಣ ಸಣ್ಣ ಗುಳಿ ಬಿದ್ದಿದ್ದವು. “ಮೀನುಕಣ್ಣು” ಎಂದರು. ಒಣಗಿಸಿ, ನೀರು ಹಾಕಿ ಉಜ್ಜಿ, ಅದೇ ಬಟ್ಟೆಯಿಂದ ಒರೆಸಿ, ಮಾರನೆಯ ದಿನ ಮತ್ತೆ ಹೊಡೆದರು. ಮತ್ತೆ ಮೀನುಕಣ್ಣು. ಮೂರನೆಯ ಸಲವೂ ಅಷ್ಟೇ.

“ಯಾರಾದ್ರೂ ಈ ಡಬ್ಬಿಗೆ ಕೈ ಹಾಕಿದ್ರೇನಮ್ಮ? ಎಣ್ಣೆ ಗಿಣ್ಣೆ ಏನಾದ್ರೂ?”

ನನ್ನ ಕೈಯ ಲೋಷನ್ ಎಂದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು. ಬಾಯಿ ಮಾತ್ರ “ಇಲ್ಲ ಮಾವ, ನಾನ್ಯಾಕೆ ಮುಟ್ಲಿ?” ಅಂದುಬಿಟ್ಟಿತು.

ಅವರು ತಮ್ಮ ಅಂಗೈಗಳನ್ನು ಬೇರೆಯವರದೇನೋ ಎಂಬಂತೆ ತಿರುಗಿಸಿ ನೋಡಿಕೊಂಡರು. “ಹಾಗಾದ್ರೆ ಕೈಯೇ ಹೋಯ್ತು. ಒರೆಸಿದ್ದು ಸಾಲಲ್ಲ ಅನ್ನೋದೂ ಕಾಣದಷ್ಟು ಕಣ್ಣು ಹೋಯ್ತು. ಸಾಕು ಇನ್ನು.” ಟೀಚರ್ ಬಂದಾಗ ಮುಖ ಕೊಟ್ಟು ಮಾತಾಡಲಿಲ್ಲ. ಸ್ಟಾಕನ್ನು ಕಾಗದದಲ್ಲಿ ಸುತ್ತಿ, “ಬೇರೆ ಎಲ್ಲಾದ್ರೂ ಕೊಡಿ ಟೀಚರಮ್ಮ” ಎಂದರು.

ನಾನು ಸುಳ್ಳು ಹೇಳಿದ್ದು ಹಾಗಿರಲಿ. “ಸಾಕು ಇನ್ನು” ಎಂದು ಅವರು ಅಂದಾಗ ನನ್ನೊಳಗೆ ಏನೋ ಹಗುರಾಯಿತು. ಇನ್ನು ವಾಸನೆ ಇರುವುದಿಲ್ಲ, ಕಿಟಕಿ ತೆರೆದಿಡಬಹುದು ಎಂದು. ನಾಚಿಕೆ ಸುಡುತ್ತಿರುವುದು ಅದಕ್ಕೆ.

“ವಯಸ್ಸಾಯ್ತಲ್ವಾ, ರೆಸ್ಟ್ ತಗೊಳ್ಲಿ. ನಿನ್ ವಾಸನೆ ಪುರಾಣವೂ ಮುಗೀತು” ಎಂದು ನನ್ನ ಗಂಡ ನಕ್ಕರು.

ಇವತ್ತು ಮಧ್ಯಾಹ್ನ ಮಾವ ಮೆಟ್ಟಿಲು ಹತ್ತಿ ಬಂದರು. ಶೆಡ್ಡು ಗುಡಿಸಿ ಮುಗಿದಿತ್ತು. ಕೈಯಲ್ಲಿ ಒಗೆದು ಒಣಗಿಸಿದ ಬಿಳಿ ಬಟ್ಟೆಗಳ ಕಟ್ಟು.

“ನನಗಿನ್ನು ಯಾಕಮ್ಮ ಇವು? ಮೆತ್ತಗಿವೆ. ಮಗು ಬಾಯಿ ಒರೆಸೋಕೆ ಇಟ್ಕೋ.”

ಅವರು ಇಳಿದು ಹೋದರು. ಮಗು ಒಂದು ಬಟ್ಟೆ ಎಳೆದು ಬಾಯಿಗಿಟ್ಟುಕೊಂಡಿತು. ಫೋನ್ ಎತ್ತಿಕೊಂಡೆ, ಇಟ್ಟೆ, ಮತ್ತೆ ಎತ್ತಿಕೊಂಡು ಒತ್ತಿದೆ.

“ಏನಮ್ಮ? ಮಗು ಚೆನ್ನಾಗಿದೆ ತಾನೇ?”

“ಮಾವ, ಹೋಗಿದ್ದು ನಿಮ್ ಕೈ ಅಲ್ಲ. ನಂದು.” ಉಸಿರು ಬಿಡದೆ ಎಲ್ಲ ಹೇಳಿದೆ. ಲೋಷನ್, ಬಟ್ಟೆ, ಮಡಿಸಿಟ್ಟದ್ದು, ಸುಳ್ಳು.

ಆ ಕಡೆ ಒಂದು ಬಸ್ಸು ಹಾದುಹೋದ ಸದ್ದು.

“ಅವತ್ತೇ ಕೇಳಿದ್ನಲ್ಲಮ್ಮ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

“ಹೂಂ ಮಾವ.”

ಆಮೇಲೆ ಅವರ ದನಿ ತುಸು ಹತ್ತಿರ ಬಂತು. “ಆ ಲೋಷನ್ ಬಾಟಲಿ ಕೈಗೆ ತಗೋ. ಹಿಂದುಗಡೆ ಸಣ್ಣಕ್ಷರದಲ್ಲಿ ಏನೇನ್ ಸೇರಿದೆ ಅಂತ ಬರ್ದಿರ್ತಾರೆ. ಒಂದೂ ಬಿಡದೆ ಓದು. ಕೋಟು ಸರಿಸಿದ್ದು ಯಾವುದು ಅಂತ ಗೊತ್ತಾದ್ರೆ ತೆಗೆಯೋದು ಹೇಗೆ ಅಂತ ನೋಡ್ತೀನಿ.”

ನಾನು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದತೊಡಗಿದೆ.