ನೇರಳೆ ಬುಡ

ಜವಳಗೇರಾದ ಮುದುಕಮ್ಮ ಮೂವತ್ತು ವರ್ಷ ಬೀಜದ ಭತ್ತದ ಗದ್ದೆಗಳಲ್ಲಿ ಬೆರಕೆ ಸಸಿ ಕಿತ್ತವಳು. ಬುಡ ನೇರಳೆಯಾಗಿದ್ದರೆ ಅದು ಬೆರಕೆ; ಕಂಡರೆ ಕೈ ತಾನಾಗಿಯೇ ಕೀಳುತ್ತಿತ್ತು.

ತಳಿ ಸಂಶೋಧಕಿ ಅಂಜಲಿ ತನ್ನ ಪ್ರಯೋಗದ ಗದ್ದೆಗೆ ಅವಳನ್ನು ಕಳೆ ತೆಗೆಯಲು ಕರೆದಳು. ತನಗೆ ಬೇಕಾದದ್ದೇ ನೇರಳೆ ಬುಡದ ಕಪ್ಪಕ್ಕಿ ಎಂಬ ಒಂದು ಮಾತು ಹೇಳಲು ಅಷ್ಟು ಓದಿದವಳಿಗೆ ಪುರಸೊತ್ತಾಗಲಿಲ್ಲ. ಮುದುಕಮ್ಮ ಕಳೆಯ ಜೊತೆ ಅವನ್ನೂ ಕಿತ್ತಳು. ಮಧ್ಯಾಹ್ನ ಅಂಜಲಿ ಬಂದು ಹೇಳುವಷ್ಟರಲ್ಲಿ ಅವಳ ಏಳು ವರ್ಷದ ದುಡಿಮೆಯ ತಳಿ ಬದುವಿನ ಮೇಲೆ ಬಾಡಿ ಬಿದ್ದಿತ್ತು.

“ಇದನ್ನ ಯಾರ ಸಲುವಾಗಿ ಬೆಳಸಿದ್ರಿ, ಮೇಡಂ?” ಮುದುಕಮ್ಮ ಕೇಳಿದಳು.

“ಮೈಯಾಗ ರಕ್ತ ಕಡಿಮಿ ಇರೋ ಬಸುರ್ಯಾರ ಸಲುವಾಗಿ, ಅಮ್ಮಾ,” ಎಂದಳು ಅಂಜಲಿ.

ಹೋದ ವರ್ಷ ಮುದುಕಮ್ಮನ ಮಗಳು ಹೆರಿಗೆಯಲ್ಲಿ ರಕ್ತ ಸಾಲದೆ ಸತ್ತಿದ್ದಳು. ಮುದುಕಮ್ಮ ಕಿತ್ತ ಸಸಿಗಳನ್ನು ಒಂದೊಂದಾಗಿ ಮತ್ತೆ ಕೆಸರಿಗೆ ನೆಡತೊಡಗಿದಳು. ಅವು ಬದುಕುವುದಿಲ್ಲವೆಂದು ಅವಳಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.